ಹೀಟ್ ಪಂಪ್ ಜಾಸ್ತಿ ಕರೆಂಟ್ ತಿನ್ನುತ್ತಿದೆ, ಅಳೆದು ನೋಡುವುದು ಹೇಗೆ?

ಮಕ್ಕಂದೂರು_ಹೋಮ್‌ಸ್ಟೇ · ಡಿಸೆಂಬರ್ 6, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ರೂಮಿನ ಹೋಮ್‌ಸ್ಟೇ, ಪಕ್ಕದಲ್ಲೇ ನಮ್ಮ ಮನೆ. ಸ್ನಾನದ ನೀರು ಕಾಯಿಸಲು ಮೊದಲು ಸೋಲಾರ್ ಇತ್ತು. ಜೂನ್‌ನಿಂದ ಸೆಪ್ಟೆಂಬರ್ ತನಕ ಅದು ಮಾಡಿನ ಮೇಲೆ ಸುಮ್ನೆ ಮಳೆಯಲ್ಲಿ ನೆನೆಯುತ್ತಿತ್ತು. ಅದಕ್ಕೇ ಎರಡು ವರ್ಷದ ಹಿಂದೆ 300 ಲೀಟರಿನ ಹೀಟ್ ಪಂಪ್ ಹಾಕಿಸಿದೆವು. ಗೀಸರ್ ತಿನ್ನುವುದರ ಮೂರನೇ ಒಂದು ಪಾಲು ಕರೆಂಟ್ ಸಾಕು ಎಂದಿದ್ದರು. ಮೊದಲ ವರ್ಷ ಹಾಗೇ ಇತ್ತು ಅನಿಸುತ್ತದೆ. ಲೆಕ್ಕ ಇಟ್ಟವನು ಯಾರು?

ಈಗ ಎರಡು ತಿಂಗಳಿಂದ ಬಿಲ್ ಏರುತ್ತಲೇ ಇದೆ. ಪುತ್ತರಿ ಹಬ್ಬಕ್ಕೆ ನೆಂಟರು ಬಂದಿದ್ದರು, ಅದಕ್ಕೇ ಇರಬಹುದು ಎಂದುಕೊಂಡೆ. ಆದರೆ ಗಿರಾಕಿಗಳೇ ಇಲ್ಲದ ವಾರದಲ್ಲೂ ಮೀಟರ್ ಓಡುತ್ತಿದೆ. ರಿಪೇರಿಯವರನ್ನು ಕರೆಸಿದೆ. ಅವರು ಕೈಯಲ್ಲಿ ಪೈಪ್ ಮುಟ್ಟಿ ನೋಡಿ, "ಗ್ಯಾಸ್ ಕಡಿಮೆ ಆಗಿದೆ, ತುಂಬಿಸಬೇಕು" ಎಂದರು. ಹೇಳಿದ ರೇಟು ಕೇಳಿ ಮನೆಯವಳು ಕಾಫಿ ಕೊಡುವುದನ್ನೇ ಮರೆತಳು.

ದುಡ್ಡು ಕೊಡುವ ಮೊದಲು ಮೆಷಿನ್ ನಿಜವಾಗಿ ಎಷ್ಟು ತಿನ್ನುತ್ತದೆ, ಎಷ್ಟು ಕೊಡುತ್ತದೆ ಅಂತ ಅಳೆಯಬೇಕು. ಏನು ಹಾಕಲಿ? ಕೈಗೆಟುಕುವ ಬೆಲೆಯದ್ದು ಹೇಳಿ.

ಕಾಫಿಕಣ · ಡಿಸೆಂಬರ್ 6, ರಾತ್ರಿ 9:40

ತಮ್ಮಾ, ಅಳೆಯುವುದು ಯಾಕೆ? ಬಚ್ಚಲಲ್ಲಿ ಹಂಡೆ ಇಡು. ಮರಗಸಿ ಮಾಡಿದ, ಅಂದರೆ ನೆರಳು ಮರದ ಕೊಂಬೆ ಸವರಿದ ಸೌದೆ ತೋಟದಲ್ಲಿ ರಾಶಿ ಬಿದ್ದಿರುತ್ತದೆ. ನಮ್ಮ ಹಂಡೆಗೆ ಗ್ಯಾಸೂ ಇಲ್ಲ, ಮೀಟರೂ ಇಲ್ಲ.

ಸುಂಟಿಕೊಪ್ಪ_ಮೇಷ್ಟ್ರು · ಡಿಸೆಂಬರ್ 6, ರಾತ್ರಿ 10:25

ಹಂಡೆಯ ಸುದ್ದಿಗೆ ಆಮೇಲೆ ಬರೋಣ. ಮೊದಲು ಒಂದು ಲೆಕ್ಕ. ಇದು ತಲೆಯಲ್ಲಿದ್ದರೆ ಯಾರೂ ನಿಮಗೆ ಟೋಪಿ ಹಾಕಲು ಆಗುವುದಿಲ್ಲ.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋಕ್ಯಾಲರಿ ಬೇಕು. ಒಂದು ಯುನಿಟ್ ಕರೆಂಟ್ ಎಂದರೆ 860 ಕಿಲೋಕ್ಯಾಲರಿ. ಈಗ ನಿಮ್ಮ ಟ್ಯಾಂಕಿಗೆ ಬರುವ ನೀರು 18 ಡಿಗ್ರಿ ಎಂದಿಟ್ಟುಕೊಳ್ಳಿ. 50ಕ್ಕೆ ಏರಿಸಬೇಕು. 32 ಡಿಗ್ರಿ ಗುಣಿಸು 300 ಲೀಟರ್, 9,600. ಅದನ್ನು 860ರಿಂದ ಭಾಗಿಸಿದರೆ 11 ಯುನಿಟ್ ಚಿಲ್ಲರೆ. ಗೀಸರ್ ಆದರೆ ಅಷ್ಟೂ ಕರೆಂಟ್ ಬೇಕು.

ಹೀಟ್ ಪಂಪ್ ಬಿಸಿಯನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಿಂದ ಎತ್ತಿ ತರುತ್ತದೆ. ಫ್ರಿಜ್‌ನ ಹಿಂಬದಿ ಬೆಚ್ಚಗಿರುತ್ತದಲ್ಲ, ಅದೇ ಕೆಲಸ, ಮಗ್ಗುಲು ಬದಲು. ಒಂದು ಯುನಿಟ್ ಕೊಟ್ಟು ಮೂರು ಯುನಿಟ್ ಬಿಸಿ ಪಡೆದರೆ ಅದರ ಸಿಒಪಿ 3. ಆಗ 11ರ ಬದಲು ನಾಲ್ಕಕ್ಕಿಂತ ಕಡಿಮೆ ಯುನಿಟ್ ಸಾಕು.

ಅಂದರೆ ನೀವು ಎರಡು ಅಳೆಯಬೇಕು. ಒಳಗೆ ಹೋದ ಕರೆಂಟ್, ನೀರಿಗೆ ಸೇರಿದ ಬಿಸಿ. ಬರೀ ಕರೆಂಟ್ ಅಳೆದರೆ ಅರ್ಧ ಕತೆ ಮಾತ್ರ ಸಿಗುತ್ತದೆ.

ಗೋಣಿಕೊಪ್ಪ_ವೈರ್‌ಮ್ಯಾನ್ · ಡಿಸೆಂಬರ್ 7, ಬೆಳಿಗ್ಗೆ 7:05

ಗ್ಯಾಸ್ ವಿಷಯ ಮೊದಲು. ಅದು ಸೀಲ್ ಆದ ಪೈಪಿನಲ್ಲಿ ಸುತ್ತುವ ಗ್ಯಾಸ್. ಪೆಟ್ರೋಲಿನ ಹಾಗೆ ಓಡಿಸಿದಂತೆ ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರಿದ ಜಾಗ ತೋರಿಸದೆ ತುಂಬಿಸುತ್ತೇನೆ ಎನ್ನುವವರಿಗೆ ಬರಬೇಡಿ ಅನ್ನಿ. ಗ್ಯಾಸ್ ಕಡಿಮೆಯಾದ ಮೆಷಿನ್ನಿನಲ್ಲಿ ಸಾಮಾನ್ಯವಾಗಿ ಕಂಪ್ರೆಸರ್ ಎಳೆಯುವ ವ್ಯಾಟ್ ಇಳಿಯುತ್ತದೆ, ಓಡುವ ಹೊತ್ತು ಉದ್ದವಾಗುತ್ತದೆ. ಅಳೆದರೆ ಗೊತ್ತಾಗಿಯೇ ಆಗುತ್ತದೆ.

ಎರಡನೆಯದು, ಇವತ್ತೇ ಮಾಡಿ, ಒಂದು ರೂಪಾಯಿ ಖರ್ಚಿಲ್ಲ. ಮೀಟರ್ ಬೋರ್ಡಿನಲ್ಲಿ ಕೆಂಪು ದೀಪ ಮಿಣುಕುತ್ತದಲ್ಲ? ಅದರ ಪಕ್ಕ ಒಂದು ಯುನಿಟ್‌ಗೆ ಎಷ್ಟು ಇಂಪಲ್ಸ್ ಅಂತ ಬರೆದಿರುತ್ತದೆ. ತುಂಬ ಕಡೆ 3200 ಇರುತ್ತದೆ, ನಿಮ್ಮದರಲ್ಲಿ ಏನಿದೆ ನೋಡಿಕೊಳ್ಳಿ. 3200 ಇದ್ದರೆ 10 ಮಿಣುಕಿಗೆ ಎಷ್ಟು ಸೆಕೆಂಡ್ ಎಂದು ಮೊಬೈಲಿನಲ್ಲಿ ನೋಡಿ. 11,250ನ್ನು ಆ ಸೆಕೆಂಡಿನಿಂದ ಭಾಗಿಸಿ. ಬಂದದ್ದು ವ್ಯಾಟ್. 10 ಮಿಣುಕಿಗೆ 11 ಸೆಕೆಂಡ್ ಆದರೆ ಸಾವಿರ ವ್ಯಾಟಿನ ಹತ್ತಿರ. ಬೋರ್ಡಿನಲ್ಲಿ ಉಳಿದ ಎಂಸಿಬಿ ಸ್ವಿಚ್ ಎಲ್ಲ ಆಫ್ ಮಾಡಿ ಹೀಟ್ ಪಂಪ್ ಒಂದನ್ನೇ ಬಿಟ್ಟು ನೋಡಿ.

ಮೂರನೆಯದು, ಬೋರ್ಡ್ ಬಿಚ್ಚುವುದಾದರೆ ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಆಮೇಲೆ ಕೈ ಹಾಕಿ. ಗೊತ್ತಿಲ್ಲದಿದ್ದರೆ ಗೊತ್ತಿದ್ದವರನ್ನು ಕರೆಯಿರಿ. ಬಚ್ಚಲ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್, ಇರಲೇಬೇಕು. ನಮ್ಮ ಕಲ್ಲುಮಣ್ಣಿನಲ್ಲಿ ಅರ್ಥಿಂಗ್ ಸರಿಯಾಗಿ ಸಿಗುವುದೇ ಕಷ್ಟ.

ಪೊನ್ನಂಪೇಟೆ_ಅಕ್ಕ · ಡಿಸೆಂಬರ್ 7, ಬೆಳಿಗ್ಗೆ 11:30

ಈ ಮಿಣುಕು ಲೆಕ್ಕ ನನಗೆ ಇಷ್ಟವಾಯಿತು. ನಮ್ಮದು ಹೋಮ್‌ಸ್ಟೇ ಅಲ್ಲ, ಬರೀ ಮನೆ. ಗೃಹಜ್ಯೋತಿಯಲ್ಲಿ ಇದ್ದೇವೆ. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ, ನಾವು ಪ್ರತಿ ತಿಂಗಳು ಆ ಅಂಚಿನಲ್ಲೇ ಇದ್ದೇವೆ. ಹೀಟ್ ಪಂಪ್ ತೆಗೆದುಕೊಳ್ಳಬೇಕಾ ಬೇಡವಾ ಅಂತ ಯೋಚನೆ. ಈ ಚರ್ಚೆ ಪೂರ್ತಿ ಓದುತ್ತೇನೆ.

ಕುಶಾಲನಗರ_ಟೆಕ್ಕಿ · ಡಿಸೆಂಬರ್ 7, ಸಂಜೆ 6:48

ಮಕ್ಕಂದೂರಿನವರೇ, ನಾನು ನಮ್ಮ ಮನೆಗೆ ಹಾಕಿರುವುದನ್ನು ಹೇಳುತ್ತೇನೆ.

ಕರೆಂಟ್ ಅಳೆಯಲು ಪಿಝೆಮ್-004ಟಿ ಎಂಬ ಪುಟ್ಟ ಬೋರ್ಡ್. ಜೊತೆಗೆ 100 ಆಂಪಿಯರ್‌ನ ಸಿಟಿ ಕ್ಲಾಂಪ್ ಬರುತ್ತದೆ, ಅದನ್ನು ವೈರಿನ ಸುತ್ತ ಬಳೆಯ ಹಾಗೆ ಹಾಕುವುದು. ಇದು ವೋಲ್ಟೇಜನ್ನೂ ಅಳೆಯುತ್ತದೆ, ಅದೇ ಮುಖ್ಯ. ಬರೀ ಕ್ಲಾಂಪ್ ಹಾಕಿ ಆಂಪಿಯರ್ ಓದಿ, ಅದನ್ನು 230ರಿಂದ ಗುಣಿಸುವ ಅಗ್ಗದ ಡಬ್ಬಿಗಳಿವೆ. ನಮ್ಮ ಕಡೆ ಸಂಜೆ ವೋಲ್ಟೇಜ್ 190ಕ್ಕೆ ಇಳಿದಾಗ ಅವು ಹೇಳುವುದೆಲ್ಲ ಸುಳ್ಳು. ಕಂಪ್ರೆಸರ್ ಮೋಟಾರಿನ ಪವರ್ ಫ್ಯಾಕ್ಟರ್ (ಎಳೆದದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಕೂಡ ಒಂದಕ್ಕಿಂತ ಕಡಿಮೆ ಇರುತ್ತದೆ. ಅಲ್ಲೂ ಲೆಕ್ಕ ತಪ್ಪುತ್ತದೆ.

ಉಷ್ಣತೆಗೆ ಡಿಎಸ್18ಬಿ20 ಎಂಬ ಸೆನ್ಸರ್, ನೀರು ಹೋಗದ ಸ್ಟೀಲ್ ಕವಚದ್ದು, ನಾಲ್ಕು ತೆಗೆದುಕೊಳ್ಳಿ. ಟ್ಯಾಂಕಿಗೆ ಒಂದು, ಬಿಸಿನೀರು ಹೊರಡುವ ಪೈಪಿಗೆ ಒಂದು, ಗಾಳಿ ಒಳಗೆ ಹೋಗುವಲ್ಲಿ ಒಂದು, ಬಯಲಿನಲ್ಲಿ ಒಂದು. ಇವೆಲ್ಲ ಇಎಸ್‌ಪಿ32 ಎಂಬ ವೈಫೈ ಇರುವ ಪುಟ್ಟ ಬೋರ್ಡಿಗೆ ಸೇರುತ್ತವೆ. ಅದಕ್ಕೆ ಇಎಸ್‌ಪಿಹೋಮ್ ಎಂಬ ಪ್ರೋಗ್ರಾಂ ಹಾಕಿ. ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದರಲ್ಲಿ ಲೆಕ್ಕ ಇಟ್ಟು ಗ್ರಾಫ್ ತೋರಿಸುವ ಹೋಮ್ ಅಸಿಸ್ಟೆಂಟ್ ಪ್ರೋಗ್ರಾಂ. ಇಂಟರ್‌ನೆಟ್ ಇಲ್ಲದಿದ್ದರೂ ಮನೆಯೊಳಗೇ ದಾಖಲಾಗುತ್ತದೆ. ಮಳೆಗಾಲದಲ್ಲಿ ನೆಟ್ ಎಷ್ಟು ದಿನ ಇರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ.

ಇಂಥದ್ದೇ ಕೆಲಸ ವೇಲ್ಸ್‌ನಲ್ಲಿ ಶುರುವಾದ ಓಪನ್ ಎನರ್ಜಿ ಮಾನಿಟರ್ ಯೋಜನೆಯವರೂ ಮಾಡುತ್ತಾರೆ. ಅವರ ಹೀಟ್ ಪಂಪ್ ಮನೆಯನ್ನೇ ಬೆಚ್ಚಗಿಡುವುದು. ರೇಡಿಯೇಟರಿಗೆ ಹೋಗುವ ನೀರನ್ನು 35-45 ಡಿಗ್ರಿಗೆ ಇಳಿಸಿ ಸಿಒಪಿ ಏರಿಸುತ್ತಾರೆ. ನಮ್ಮದು ಸ್ನಾನದ ನೀರು, ಅಷ್ಟು ಇಳಿಸಲು ಆಗದು. ಆದರೆ ಅಳೆಯುವ ದಾರಿ ಒಂದೇ.

ಪೊನ್ನಂಪೇಟೆ_ಅಕ್ಕ · ಡಿಸೆಂಬರ್ 7, ರಾತ್ರಿ 8:10

ಇಷ್ಟೆಲ್ಲ ವೈರ್ ಬೇಡ ಎನ್ನುವವರಿಗೆ ಪ್ಲಗ್ಗಿಗೇ ಹಾಕುವ ಸ್ಮಾರ್ಟ್ ಪ್ಲಗ್ ಸಾಕಾಗುವುದಿಲ್ಲವಾ?

ಗೋಣಿಕೊಪ್ಪ_ವೈರ್‌ಮ್ಯಾನ್ · ಡಿಸೆಂಬರ್ 7, ರಾತ್ರಿ 8:32

ಸಣ್ಣ ಮೆಷಿನ್ನಿಗೆ 16 ಆಂಪಿಯರ್‌ನದ್ದು ನಡೆಯುತ್ತದೆ ಅಕ್ಕ. ಆದರೆ ಒಳಗೆ ಗೀಸರಿನಂಥ ಬ್ಯಾಕಪ್ ಕಾಯಿಲ್ ಇದ್ದರೆ ಗಂಟೆಗಟ್ಟಲೆ ಜೋರು ಲೋಡ್. ಪ್ಲಗ್ ಬಿಸಿಯಾಗಿ ಸಾಕೆಟ್ ಕರಗಿದ್ದನ್ನು ನೋಡಿದ್ದೇನೆ. ಕ್ಲಾಂಪೇ ವಾಸಿ.

ಮಕ್ಕಂದೂರು_ಹೋಮ್‌ಸ್ಟೇ · ಡಿಸೆಂಬರ್ 18, ರಾತ್ರಿ 9:55

ಸಾಮಾನು ಬಂತು. ಟೆಕ್ಕಿಯವರು ವಿಡಿಯೋ ಕಾಲ್‌ನಲ್ಲಿ ಕೂತು ಪ್ರೋಗ್ರಾಂ ಹಾಕಿಸಿದರು, ತುಂಬ ಥ್ಯಾಂಕ್ಸ್. ವೈಫೈ ಸೌದೆ ಕೊಟ್ಟಿಗೆ ತನಕ ಮುಟ್ಟಲಿಲ್ಲ. ಅಜ್ಜನ ಕಾಲದ ಗೋಡೆ, ಎರಡು ಅಡಿ ದಪ್ಪ. ಕಿಟಕಿ ಹತ್ತಿರ ಇನ್ನೊಂದು ರೂಟರ್ ಇಟ್ಟ ಮೇಲೆ ಸರಿಯಾಯಿತು.

ಆದರೆ ವೋಲ್ಟೇಜ್ ತೋರಿಸುತ್ತದೆ, ಕರೆಂಟ್ ಮಾತ್ರ ಸೊನ್ನೆ. ಮೆಷಿನ್ ಗುರ್‌ ಎನ್ನುತ್ತಿದೆ, ಇಲ್ಲಿ 0.00. ಬೋರ್ಡೇ ಕೆಟ್ಟದ್ದು ಬಂತಾ?

ಗೋಣಿಕೊಪ್ಪ_ವೈರ್‌ಮ್ಯಾನ್ · ಡಿಸೆಂಬರ್ 18, ರಾತ್ರಿ 10:01

ಕೇಬಲ್ ಪೂರ್ತಿಗೆ ಕ್ಲಾಂಪ್ ಹಾಕಿದ್ದೀರಾ?

ಮಕ್ಕಂದೂರು_ಹೋಮ್‌ಸ್ಟೇ · ಡಿಸೆಂಬರ್ 18, ರಾತ್ರಿ 10:03

ಹೌದು. ಕಪ್ಪು ದಪ್ಪ ಕೇಬಲ್.

ಗೋಣಿಕೊಪ್ಪ_ವೈರ್‌ಮ್ಯಾನ್ · ಡಿಸೆಂಬರ್ 18, ರಾತ್ರಿ 10:06

ಅದೇ. ಒಂದರಲ್ಲಿ ಹೋದದ್ದು ಇನ್ನೊಂದರಲ್ಲಿ ವಾಪಸ್ ಬರುತ್ತದೆ. ಎರಡೂ ಸೇರಿದರೆ ಸೊನ್ನೆಯೇ ಬರುವುದು. ಮೇನ್ ಆಫ್ ಮಾಡಿ, ಎಂಸಿಬಿ ಹತ್ತಿರ ಫೇಸ್ ವೈರ್ ಒಂದನ್ನೇ ಬಳೆಯೊಳಗೆ ಹಾಕಿ. ನಾಚಿಕೆ ಬೇಡ, ನಾನೂ ಕಲಿಯುವಾಗ ಇದೇ ಮಾಡಿ ಬೈಸಿಕೊಂಡಿದ್ದೇನೆ.

ಮಕ್ಕಂದೂರು_ಹೋಮ್‌ಸ್ಟೇ · ಡಿಸೆಂಬರ್ 21, ಮಧ್ಯಾಹ್ನ 1:20

ಎರಡು ದಿನದ ಗ್ರಾಫ್ ಬಂತು. ಗಿರಾಕಿಗಳಿಲ್ಲ, ಮನೆಯವರು ಮಾತ್ರ. ದಿನಕ್ಕೆ ಸುಮಾರು 200 ಲೀಟರ್ ಬಿಸಿನೀರು ಖರ್ಚಾಗಿರಬಹುದು. ನೋಡಿದ್ದು ಹೀಗಿದೆ.

ಇಡೀ ದಿನ, ರಾತ್ರಿ ಪೂರ್ತಿ, 90 ವ್ಯಾಟ್ ಒಂದೇ ಗೆರೆ. ಒಂದು ನಿಮಿಷವೂ ಸೊನ್ನೆಗೆ ಬರುವುದಿಲ್ಲ. ಆಗಾಗ ಕಂಪ್ರೆಸರ್ ಶುರುವಾಗಿ 1,200 ಆಗುತ್ತದೆ. ಬೆಳಿಗ್ಗೆ 5ಕ್ಕೆ ಒಮ್ಮೆಲೇ 3,200ಕ್ಕೆ ಹಾರುತ್ತದೆ, 6:30ರ ತನಕ ಅಲ್ಲೇ ನಿಲ್ಲುತ್ತದೆ. ದಿನಕ್ಕೆ ಒಟ್ಟು 10.8 ಯುನಿಟ್.

ಸುಂಟಿಕೊಪ್ಪ_ಮೇಷ್ಟ್ರು · ಡಿಸೆಂಬರ್ 21, ಮಧ್ಯಾಹ್ನ 2:45

200 ಲೀಟರಿಗೆ 32 ಡಿಗ್ರಿ ಎಂದರೆ 7.4 ಯುನಿಟ್ ಬಿಸಿ. ನೀವು ಕೊಟ್ಟದ್ದು 10.8. ಸ್ವಾಮಿ, ನಿಮ್ಮ ಹೀಟ್ ಪಂಪ್ ಗೀಸರಿಗಿಂತ ಕಡೆಯಾಗಿದೆ!

ಆದರೆ ತಪ್ಪು ಮೆಷಿನ್ನಿನದ್ದು ಎಂದು ಈಗಲೇ ಹೇಳುವಂತಿಲ್ಲ. ಆ ಗ್ರಾಫಿನಲ್ಲಿ ಮೂವರು ಉಣ್ಣುತ್ತಿದ್ದಾರೆ. 90 ವ್ಯಾಟಿನವನು ಯಾರು? 5 ಗಂಟೆಗೆ ಬರುವ 2,000 ವ್ಯಾಟಿನವನು ಯಾರು? ಮೂರನೆಯವನು ಮಾತ್ರ ಕಂಪ್ರೆಸರ್.

ಕುಶಾಲನಗರ_ಟೆಕ್ಕಿ · ಡಿಸೆಂಬರ್ 21, ಸಂಜೆ 5:15

2,000 ಎಂದರೆ ಬ್ಯಾಕಪ್ ಕಾಯಿಲ್ ಇರಬೇಕು, ಮೇಷ್ಟ್ರೇ. ಅದಕ್ಕೆ ಸಿಒಪಿ 1, ಗೀಸರ್ ಇದ್ದ ಹಾಗೆ. ಎಷ್ಟು ಡಿಗ್ರಿಗೆ ಸೆಟ್ ಇದೆ ನೋಡಿ ಅಣ್ಣ. ಕೆಲವು ಮೆಷಿನ್‌ಗಳಲ್ಲಿ 55 ದಾಟಿಸಲು ಕಾಯಿಲ್ಲೇ ಬೇಕು. ಬೇಗ ಬಿಸಿಯಾಗಲಿ ಎಂಬ ಬೂಸ್ಟ್ ಮೋಡ್‌ನಲ್ಲಿದ್ದರೂ ಹೀಗೇ.

90 ವ್ಯಾಟ್ ಎಂದರೆ ಸರ್ಕ್ಯುಲೇಶನ್ ಪಂಪ್ ಅನಿಸುತ್ತದೆ. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರಲಿ ಅಂತ ಪೈಪಿನಲ್ಲಿ ಬಿಸಿನೀರನ್ನು ಸುತ್ತಿಸುತ್ತಾರಲ್ಲ, ಅದು.

ಮಕ್ಕಂದೂರು_ಹೋಮ್‌ಸ್ಟೇ · ಡಿಸೆಂಬರ್ 21, ರಾತ್ರಿ 9:30

ಸೆಟ್ 60 ಇದೆ, ಬೂಸ್ಟ್ ಆನ್. ಇಟ್ಟವನು ನಾನೇ. ಅಕ್ಟೋಬರ್‌ನಲ್ಲಿ ಒಬ್ಬ ಗಿರಾಕಿ ನೀರು ಸಾಲದು ಎಂದಿದ್ದರು. ಆವತ್ತು ಏರಿಸಿದವನು ಇಳಿಸಲು ಮರೆತಿದ್ದೇನೆ.

ಪಂಪಿನದ್ದು ಇನ್ನೂ ಚೆಂದ. ಅದಕ್ಕೆ ಟೈಮರ್ ಇತ್ತು. ಕರೆಂಟ್ ಹೋಗಿ ಬಂದು ಅದು ಕೆಟ್ಟಿತ್ತು. ಪ್ಲಂಬರ್ ಟೈಮರ್ ಬಿಚ್ಚಿ ಡೈರೆಕ್ಟ್ ಕೊಟ್ಟು ಹೋಗಿದ್ದಾರೆ. ಅದೂ ಅಕ್ಟೋಬರ್‌ನಲ್ಲೇ. ಬಿಲ್ ಏರಿದ್ದೂ ಆವಾಗಲೇ ಅಲ್ವಾ.

ಹಾಗಾದರೆ ಗ್ಯಾಸ್?

ಸುಂಟಿಕೊಪ್ಪ_ಮೇಷ್ಟ್ರು · ಡಿಸೆಂಬರ್ 22, ಬೆಳಿಗ್ಗೆ 6:50

ಗ್ಯಾಸಿನ ಪರೀಕ್ಷೆ ಹೀಗೆ. ಫ್ಲೋ ಮೀಟರ್ ಏನೂ ಬೇಡ.

ಮೊದಲು ಸೆನ್ಸರ್‌ಗಳನ್ನು ಹೊಂದಿಸಿಕೊಳ್ಳಿ. ಡಿಎಸ್18ಬಿ20 ಅರ್ಧ ಡಿಗ್ರಿ ಆಚೀಚೆ ತೋರಿಸಬಹುದು, ನಕಲಿ ಚಿಪ್ ಆದರೆ ಇನ್ನೂ ಜಾಸ್ತಿ. ನಾಲ್ಕನ್ನೂ ಒಂದೇ ಚೊಂಬಿನ ಬೆಚ್ಚನೆ ನೀರಿನಲ್ಲಿ ಅದ್ದಿ. ಹತ್ತು ನಿಮಿಷ ಬಿಟ್ಟು ಯಾವುದು ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಬರೆದುಕೊಂಡು ಆ ವ್ಯತ್ಯಾಸವನ್ನು ಪ್ರೋಗ್ರಾಂನಲ್ಲಿ ಕಳೆಯಿರಿ. ಪೈಪಿಗೆ ಕಟ್ಟುವ ಸೆನ್ಸರನ್ನು ಸುಮ್ನೆ ಟೇಪ್ ಸುತ್ತಿ ಬಿಡಬೇಡಿ. ಮೇಲೆ ದಪ್ಪ ಸ್ಪಾಂಜ್ ಇಲ್ಲದಿದ್ದರೆ ಅದು ಅರ್ಧ ಪೈಪನ್ನೂ ಅರ್ಧ ಗಾಳಿಯನ್ನೂ ಅಳೆಯುತ್ತದೆ.

ಆಮೇಲೆ ಯಾರೂ ನೀರು ಬಳಸದ ಹೊತ್ತು ನೋಡಿ. ಕಾಯಿಲ್ ಆಫ್. ಟ್ಯಾಂಕಿನಲ್ಲಿ ಬಿಸಿ ಮೇಲೆ, ತಣ್ಣಗಿನದು ಕೆಳಗೆ ಇರುತ್ತದೆ. ಹಾಗಾಗಿ ಸುತ್ತುವ ಪಂಪನ್ನು ಹತ್ತು ನಿಮಿಷ ಓಡಿಸಿ ಬೆರೆಸಿ, ಉಷ್ಣತೆ ಬರೆದುಕೊಂಡು ಆ ಪಂಪ್ ನಿಲ್ಲಿಸಿ. ಹೀಟ್ ಪಂಪ್ ಓಡಿ ನಿಂತ ಮೇಲೆ ಮತ್ತೆ ಬೆರೆಸಿ, ಮತ್ತೆ ಓದಿ. ಏರಿದ ಡಿಗ್ರಿ ಗುಣಿಸು 300, ಭಾಗಿಸು 860. ಅದನ್ನು ಕಂಪ್ರೆಸರ್ ತಿಂದ ಯುನಿಟ್‌ನಿಂದ ಭಾಗಿಸಿ. ಒಮ್ಮೆ ಮಧ್ಯಾಹ್ನ, ಒಮ್ಮೆ ಬೆಳಗಿನ ಜಾವ ಮಾಡಿ.

ಮಕ್ಕಂದೂರು_ಹೋಮ್‌ಸ್ಟೇ · ಡಿಸೆಂಬರ್ 26, ರಾತ್ರಿ 10:40

ಮಾಡಿದೆ. ಕ್ರಿಸ್‌ಮಸ್ ಗಿರಾಕಿಗಳ ನಡುವೆ ಹೊತ್ತು ಹುಡುಕುವುದೇ ಕಷ್ಟವಾಯಿತು.

ಮಧ್ಯಾಹ್ನ 2 ಗಂಟೆ, ಬಯಲಿನಲ್ಲಿ 24 ಡಿಗ್ರಿ. ಟ್ಯಾಂಕ್ 36ರಿಂದ 50ಕ್ಕೆ ಏರಿತು, 1.55 ಯುನಿಟ್ ತಿಂದಿತು. ಸಿಒಪಿ 3.1.

ಬೆಳಿಗ್ಗೆ 4 ಗಂಟೆ, ಬಯಲಿನಲ್ಲಿ 13 ಡಿಗ್ರಿ. ಅದೇ 14 ಡಿಗ್ರಿ ಏರಲು 2.05 ಯುನಿಟ್. ಸಿಒಪಿ 2.4.

ಇದು ಒಳ್ಳೆಯದಾ ಕೆಟ್ಟದ್ದಾ?

ಗೋಣಿಕೊಪ್ಪ_ವೈರ್‌ಮ್ಯಾನ್ · ಡಿಸೆಂಬರ್ 27, ಬೆಳಿಗ್ಗೆ 7:20

ಗ್ಯಾಸ್ ಸರಿ ಇದೆ. ಸೋರಿದ ಮೆಷಿನ್ ಮಧ್ಯಾಹ್ನ 3.1 ಕೊಡುವುದಿಲ್ಲ. ಆ ದುಡ್ಡಿನಲ್ಲಿ ಟೈಮರ್ ಹಾಕಿಸಿ, ಉಳಿದದ್ದಕ್ಕೆ ಅತ್ತಿಗೆಗೆ ಸೀರೆ.

ಕುಶಾಲನಗರ_ಟೆಕ್ಕಿ · ಡಿಸೆಂಬರ್ 27, ಬೆಳಿಗ್ಗೆ 9:10

ಬೆಳಗಿನದು ಮಾತ್ರ ನನಗೆ ಸ್ವಲ್ಪ ಕಡಿಮೆ ಅನಿಸುತ್ತದೆ. ಗಾಳಿ ಒಳಗೆ ಹೋಗುವ ಜಾಗದ ಸೆನ್ಸರ್ ಆ ಹೊತ್ತಿಗೆ ಏನು ತೋರಿಸುತ್ತಿತ್ತು?

ಮಕ್ಕಂದೂರು_ಹೋಮ್‌ಸ್ಟೇ · ಡಿಸೆಂಬರ್ 27, ಬೆಳಿಗ್ಗೆ 9:45

ಈಗ ನೋಡಿದೆ. 7 ಡಿಗ್ರಿ! ಬಯಲಿನಲ್ಲಿ 13 ಇದ್ದಾಗ ಮೆಷಿನ್ ಮೂಗಿನ ಹತ್ತಿರ 7.

ಮೆಷಿನ್ ಇರುವುದು ಸೌದೆ ಕೊಟ್ಟಿಗೆಯಲ್ಲಿ. ಮಳೆ ಬೀಳದಿರಲಿ ಅಂತ ಮೂರು ಕಡೆ ತಗಡು ಕಟ್ಟಿದ್ದೇವೆ. ಎದುರಿಗೆ ಈ ವರ್ಷದ ಸೌದೆ ಪೇರಿಸಿದೆ.

ಸುಂಟಿಕೊಪ್ಪ_ಮೇಷ್ಟ್ರು · ಡಿಸೆಂಬರ್ 27, ಬೆಳಿಗ್ಗೆ 10:30

ತಾನು ಬಿಟ್ಟ ತಣ್ಣನೆ ಗಾಳಿಯನ್ನೇ ಮತ್ತೆ ಎಳೆಯುತ್ತಿದೆ. ಸೌದೆ ಸರಿಸಿ. ಎರಡು ಕಡೆ ತಗಡು ತೆಗೆಯಿರಿ, ಮೇಲಿನ ಮಾಡು ಮಾತ್ರ ಇರಲಿ. ಬಿಟ್ಟ ಗಾಳಿ ಹೊರಗೇ ಹೋಗಬೇಕು. ಗಾಳಿ ಹಾಯುವ ಕಾಯಿಲಿನ ರೆಕ್ಕೆಗಳ ನಡುವೆ ಎಲೆ, ಜೇಡರ ಬಲೆ, ಕಾಫಿ ಹೊಟ್ಟು ಕೂತಿದೆಯಾ ನೋಡಿ. ಮೆತ್ತಗಿನ ಬ್ರಷ್ ಸಾಕು, ಜೋರು ನೀರು ಬಿಟ್ಟರೆ ರೆಕ್ಕೆ ಮಡಚಿಕೊಳ್ಳುತ್ತದೆ.

ಇನ್ನೊಂದು ಪರೀಕ್ಷೆ ಬಾಕಿ ಇದೆ. ನನಗೆ ಅದರ ಮೇಲೇ ಅನುಮಾನ ಜಾಸ್ತಿ. ಒಂದು ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹೀಟ್ ಪಂಪ್ ಆಫ್ ಮಾಡಿ, ಸುತ್ತುವ ಪಂಪ್ ಮಾತ್ರ ಓಡಲಿ. ಮರುದಿನ ರಾತ್ರಿ ಅದನ್ನೂ ಆಫ್ ಮಾಡಿ. ಟ್ಯಾಂಕ್ ಎಷ್ಟು ಇಳಿಯಿತು ಹೇಳಿ.

ಕಾಫಿಕಣ · ಡಿಸೆಂಬರ್ 27, ಬೆಳಿಗ್ಗೆ 11:02

ಸೌದೆ ಪೇರಿಸಿದ್ದೀರಿ, ಉರಿಸುವುದಿಲ್ಲ. ಅದರಲ್ಲಿ ಮೆಷಿನ್ನಿನ ಮೂಗು ಮುಚ್ಚಿದ್ದೀರಿ. ನಾನೇನೂ ಹೇಳುವುದಿಲ್ಲ.

ಮಕ್ಕಂದೂರು_ಹೋಮ್‌ಸ್ಟೇ · ಜನವರಿ 4, ರಾತ್ರಿ 9:00

ಹೊಸ ವರ್ಷದ ಗಲಾಟೆ ಮುಗಿಯಿತು, ಪರೀಕ್ಷೆಯೂ ಮುಗಿಯಿತು.

ಪಂಪ್ ಓಡಿದ ರಾತ್ರಿ 50ರಿಂದ 39ಕ್ಕೆ ಇಳಿಯಿತು. ಪಂಪ್ ನಿಲ್ಲಿಸಿದ ರಾತ್ರಿ 50ರಿಂದ 48ಕ್ಕೆ. ಎರಡೂ ರಾತ್ರಿ ಯಾರೂ ಒಂದು ಚೊಂಬು ನೀರೂ ತೆಗೆಯಲಿಲ್ಲ.

ಟಾರ್ಚ್ ಹಿಡಿದು ಪೈಪ್ ನೋಡಲು ಹೋದೆ. ರೂಮುಗಳ ಹಿಂದಿನ ಗೋಡೆಯುದ್ದಕ್ಕೂ ಹೋಗಿ ಬರುವ ಲೈನ್, ಸುಮಾರು 40 ಮೀಟರ್. ಸುತ್ತಿದ ಸ್ಪಾಂಜನ್ನು ಇಲಿ ಕಚ್ಚಿ ಗೂಡಿಗೆ ಒಯ್ದಿದೆ, ಉಳಿದದ್ದು ನೆನೆದು ಮುದ್ದೆಯಾಗಿದೆ. ಪೈಪ್ ಮೇಲೆ ಬೆಕ್ಕು ಮಲಗಿತ್ತು. ಎರಡು ತಿಂಗಳಿಂದ ಅದು ಯಾಕೆ ಮನೆಯೊಳಗೆ ಬರುತ್ತಿಲ್ಲ ಎಂಬುದಕ್ಕೂ ಉತ್ತರ ಸಿಕ್ಕಿತು.

ಸುಂಟಿಕೊಪ್ಪ_ಮೇಷ್ಟ್ರು · ಜನವರಿ 5, ಬೆಳಿಗ್ಗೆ 7:15

11 ಡಿಗ್ರಿ ಎಂದರೆ 3.8 ಯುನಿಟ್ ಬಿಸಿ. ಟ್ಯಾಂಕಿನ ಪಾಲು 0.7. ಉಳಿದ ಮೂರು ಯುನಿಟ್ ಎಂಟು ಗಂಟೆಯಲ್ಲಿ ಪೈಪಿನಿಂದ ಹೋಗಿದೆ. ದಿನಪೂರ್ತಿಗೆ ಒಂಬತ್ತರ ಹತ್ತಿರ. ಅದನ್ನು ತುಂಬಲು ಕಂಪ್ರೆಸರ್ ಮೂರು ಯುನಿಟ್‌ಗಿಂತ ಜಾಸ್ತಿ ತಿನ್ನಬೇಕು. ಪಂಪ್ ತಾನೇ ತಿನ್ನುವುದು ಇನ್ನೊಂದು ಎರಡು. ತಿಂಗಳಿಗೆ 150 ಯುನಿಟ್ ನೀವು ಬೆಕ್ಕಿಗೆ ಕೊಟ್ಟಿದ್ದೀರಿ.

ಒಳ್ಳೆಯ ಮೆಷಿನ್ನಿನ ಹಿಂದೆ ಬಿಸಿ ಸೋರುವ ಪೈಪ್ ವ್ಯವಸ್ಥೆ. ಸಿಒಪಿ ಎಷ್ಟೇ ಇದ್ದರೂ ಸಾಲದು.

ಕುಶಾಲನಗರ_ಟೆಕ್ಕಿ · ಜನವರಿ 5, ಬೆಳಿಗ್ಗೆ 9:30

ಮಾಡಬೇಕಾದ್ದು ಈಗ ಸುಲಭ. ಪೈಪಿಗೆ ಕಪ್ಪು ನೈಟ್ರೈಲ್ ರಬ್ಬರ್ ಸುತ್ತಿಸಿ, ಜೋಡಣೆಯಲ್ಲಿ ಸಂದು ಬಿಡಬೇಡಿ. ಹೊರಗಿನ ಭಾಗಕ್ಕೆ ಮೇಲೊಂದು ಪಿವಿಸಿ ಪೈಪ್ ಹಾಕಿದರೆ ಇಲಿಗೂ ಬಿಸಿಲಿಗೂ ಸಿಗುವುದಿಲ್ಲ. ಸುತ್ತುವ ಪಂಪ್ ಬೆಳಿಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ ಸಾಕು. ಹೀಟ್ ಪಂಪ್ ಮುಖ್ಯವಾಗಿ ಮಧ್ಯಾಹ್ನ 12ರಿಂದ 4 ಓಡಲಿ. ನಮ್ಮ ಚಳಿಗಾಲದಲ್ಲಿ ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ ಹತ್ತು ಡಿಗ್ರಿ ವ್ಯತ್ಯಾಸ ಇರುತ್ತದೆ. ಸೆಟ್ 50ಕ್ಕೆ ಇಳಿಸಿ. ಒಂದೊಂದು ಡಿಗ್ರಿ ಇಳಿಸಿದಾಗಲೂ ಸುಮಾರು 2 ಶೇಕಡಾ ಲಾಭ.

ಪೊನ್ನಂಪೇಟೆ_ಅಕ್ಕ · ಜನವರಿ 5, ಬೆಳಿಗ್ಗೆ 10:20

ಹಾಗಾದರೆ 42ಕ್ಕೇ ಇಳಿಸಬಹುದಲ್ಲ? ಸ್ನಾನಕ್ಕೆ ಅಷ್ಟೇ ತಾನೇ ಬೇಕು.

ಸುಂಟಿಕೊಪ್ಪ_ಮೇಷ್ಟ್ರು · ಜನವರಿ 5, ಬೆಳಿಗ್ಗೆ 11:00

ಬೇಡ ತಾಯಿ. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಶವರಿನ ಹನಿಯ ಜೊತೆ ಎದೆಗೆ ಹೋದರೆ ನ್ಯುಮೋನಿಯಾ ಬರಬಹುದು. ಬಿಸಿನೀರನ್ನು 60ರಲ್ಲಿ ಇಡಿ ಎಂಬುದೇ ವಿಶ್ವ ಆರೋಗ್ಯ ಸಂಸ್ಥೆಯ ಮಾತು. 50ರಲ್ಲಿ ಇಡುವವರು ವಾರಕ್ಕೆ ಒಮ್ಮೆಯಾದರೂ ಇಡೀ ಟ್ಯಾಂಕನ್ನು 60ಕ್ಕೆ ಏರಿಸಿ, ಸುತ್ತುವ ಪಂಪನ್ನೂ ಓಡಿಸಬೇಕು. ಆ ಒಂದು ದಿನ ಕಾಯಿಲ್ ತಿನ್ನಲಿ ಬಿಡಿ. ಹೋಮ್‌ಸ್ಟೇಯವರು ಖಾಲಿ ಬಿದ್ದ ರೂಮಿನ ನಲ್ಲಿಗಳನ್ನೂ ಆವತ್ತು ಐದು ನಿಮಿಷ ಬಿಡಿ. ಕೈ ಸುಡದಂತೆ ಮಾತ್ರ ಜಾಗ್ರತೆ.

ಕರೆಂಟ್ ಉಳಿಸಲು ಹೋಗಿ ಆಸ್ಪತ್ರೆಗೆ ಹೋಗಬಾರದು.

ಮಕ್ಕಂದೂರು_ಹೋಮ್‌ಸ್ಟೇ · ಫೆಬ್ರವರಿ 11, ರಾತ್ರಿ 9:25

ಎಲ್ಲ ಮಾಡಿಸಿದೆ. ಮನೆಯವರು ಮಾತ್ರ ಇರುವ ದಿನಕ್ಕೆ ಈಗ 4.5 ಯುನಿಟ್. ಮೊದಲು 10.8. ತಗಡು ತೆಗೆದ ಮೇಲೆ ಬೆಳಗಿನ ಸಿಒಪಿಯೂ 2.6ಕ್ಕೆ ಏರಿದೆ. ಒಂದೇ ಕಷ್ಟ, ಸುತ್ತುವ ಪಂಪ್ ಓಡದ ಹೊತ್ತಿನಲ್ಲಿ ಕೊನೆಯ ರೂಮಿಗೆ ಬಿಸಿನೀರು ಬರಲು ಒಂದೂವರೆ ನಿಮಿಷ ಬೇಕು. ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ. ಇಲ್ಲಿಯ ತನಕ ಯಾರೂ ಬೈದಿಲ್ಲ.

ಗ್ಯಾಸ್ ತುಂಬಿಸುವವರು ಎರಡು ಸಲ ಫೋನ್ ಮಾಡಿದರು. ಗ್ರಾಫ್ ಕಳಿಸಿದೆ. ಆಮೇಲೆ ಮಾಡಿಲ್ಲ.

ಪೊನ್ನಂಪೇಟೆ_ಅಕ್ಕ · ಫೆಬ್ರವರಿ 12, ಬೆಳಿಗ್ಗೆ 11:45

ನನ್ನದೂ ಕೇಳಿ. ಎಲ್ಲ ಆಫ್ ಮಾಡಿ ಮಿಣುಕು ಎಣಿಸುತ್ತಾ ಕೂತಿದ್ದೆ, ಅತ್ತೆ ನನಗೇನೋ ಆಗಿದೆ ಎಂದುಕೊಂಡರು. ಹತ್ತು ನಿಮಿಷಕ್ಕೊಮ್ಮೆ ದೀಪ ಪಟಪಟ ಹೊಡೆದು ನಿಲ್ಲುತ್ತಿತ್ತು. ಹುಡುಕಿದರೆ ಪ್ರೆಶರ್ ಪಂಪ್. ಅದರ ವಾಲ್ವ್ ನೀರು ಹಿಂದಕ್ಕೆ ಬಿಡುತ್ತಿತ್ತು, ಹಾಗಾಗಿ ರಾತ್ರಿಯಿಡೀ ತಾನೇ ಆನ್ ಆಗಿ ಆಫ್ ಆಗುತ್ತಿತ್ತು. ವಾಲ್ವ್ ಬದಲಿಸಿದೆವು. ಈ ತಿಂಗಳು 171 ಯುನಿಟ್. ಹೀಟ್ ಪಂಪ್ ಈಗ ಬೇಡ ಅನಿಸಿದೆ.

ಗೋಣಿಕೊಪ್ಪ_ವೈರ್‌ಮ್ಯಾನ್ · ಏಪ್ರಿಲ್ 19, ಸಂಜೆ 7:50

ಹೂಮಳೆಯ ಗುಡುಗು ಶುರುವಾಗಿದೆ. ಈ ಇಎಸ್‌ಪಿ ಗಿಎಸ್‌ಪಿ ಹಾಕಿದವರು ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಈ ವಾರ ಮೂರು ಮನೆಯಲ್ಲಿ ರೂಟರ್ ಸುಟ್ಟದ್ದು ನೋಡಿದೆ.

ಮಕ್ಕಂದೂರು_ಹೋಮ್‌ಸ್ಟೇ · ಏಪ್ರಿಲ್ 20, ಬೆಳಿಗ್ಗೆ 8:00

ಒಂದು ದಿನ ಮೊದಲು ಹೇಳಬಾರದಿತ್ತಾ ಅಣ್ಣ. ನಮ್ಮದು ನಿನ್ನೆ ಮಧ್ಯಾಹ್ನವೇ ಹೋಯಿತು. ಹೀಟ್ ಪಂಪಿಗೆ ಏನೂ ಆಗಿಲ್ಲ, ಪುಣ್ಯ. ಹೊಸ ಬೋರ್ಡಿಗೆ ಆರ್ಡರ್ ಹಾಕಿದ್ದೇನೆ.

ಮಕ್ಕಂದೂರು_ಹೋಮ್‌ಸ್ಟೇ · ಜುಲೈ 28, ರಾತ್ರಿ 9:15

ಕಕ್ಕಡದ, ಅಂದರೆ ನಮ್ಮ ಜಡಿಮಳೆ ತಿಂಗಳ ವರದಿ. ಹದಿನೈದು ದಿನದಿಂದ ಸೂರ್ಯನ ಮುಖ ನೋಡಿಲ್ಲ. ಹೀಟ್ ಪಂಪ್ ಸೋಲುತ್ತದೆ ಎಂದುಕೊಂಡಿದ್ದೆ. ಗಾಳಿ ಹಗಲೂ ರಾತ್ರಿಯೂ 19 ಡಿಗ್ರಿ, ಸಿಒಪಿ 2.9ರಲ್ಲಿ ನಿಂತಿದೆ. ಕೆಳಗಿನ ಪೈಪಿನಿಂದ ಬಕೆಟ್‌ಗಟ್ಟಲೆ ನೀರು ಬರುತ್ತಿದೆ. ಏನಾದರೂ ಸೋರುತ್ತಿದೆಯಾ?

ಸುಂಟಿಕೊಪ್ಪ_ಮೇಷ್ಟ್ರು · ಜುಲೈ 28, ರಾತ್ರಿ 9:50

ಅದು ಗಾಳಿಯಲ್ಲಿದ್ದ ತೇವ. ತಣ್ಣನೆಯ ಕಾಯಿಲಿಗೆ ತಾಗಿ ಆವಿ ನೀರಾಗುತ್ತದೆ, ನೀರಾಗುವಾಗ ಬಿಸಿ ಬಿಡುತ್ತದೆ. ಆ ಬಿಸಿಯೂ ನಿಮ್ಮ ಟ್ಯಾಂಕಿಗೇ ಹೋಗುತ್ತದೆ. ನಮ್ಮ ಮಳೆಗಾಲ ಸೋಲಾರಿಗೆ ಶತ್ರು, ಇದಕ್ಕೆ ಅಲ್ಲ. ಕೆಳಗಿನ ತಟ್ಟೆಯಲ್ಲಿ ಪಾಚಿ ಕಟ್ಟದಂತೆ ನೋಡಿಕೊಳ್ಳಿ. ಮಧ್ಯಾಹ್ನವೇ ಓಡಿಸಬೇಕು ಎಂಬ ಹಟ ಈಗ ಬೇಡ, ಕರೆಂಟ್ ಇದ್ದಾಗ ಓಡಿಸಿ.

ಕಾಫಿಕಣ · ಜುಲೈ 29, ಬೆಳಿಗ್ಗೆ 8:30

ಮೇಷ್ಟ್ರೇ, ಎಂಟು ತಿಂಗಳಿಂದ ಓದುತ್ತಿದ್ದೇನೆ. ಹಂಡೆಯ ಸುದ್ದಿಗೆ ಆಮೇಲೆ ಬರೋಣ ಎಂದಿದ್ದಿರಿ. ನಮ್ಮ ಹಂಡೆಯ ಸಿಒಪಿ ಎಷ್ಟು?

ಸುಂಟಿಕೊಪ್ಪ_ಮೇಷ್ಟ್ರು · ಜುಲೈ 29, ಬೆಳಿಗ್ಗೆ 9:05

ಸೌದೆ ತೂಕ ಮಾಡಿ. ಚೆನ್ನಾಗಿ ಒಣಗಿದ್ದಾದರೆ ಕಿಲೋಗೆ ಸುಮಾರು 4 ಯುನಿಟ್ ಬಿಸಿ. ಹಂಡೆ ಎಷ್ಟು ಲೀಟರ್, ನೀರು ಎಷ್ಟರಿಂದ ಎಷ್ಟಕ್ಕೆ ಏರಿತು ಹೇಳಿ.

ಕಾಫಿಕಣ · ಜುಲೈ 30, ಬೆಳಿಗ್ಗೆ 8:55

ಕಾಫಿ ಚೀಲ ತೂಗುವ ತಕ್ಕಡಿಯಲ್ಲಿ ಸೌದೆ ತೂಗಿದೆ. 8 ಕಿಲೋ. ಹಂಡೆ 60 ಲೀಟರ್. ಮಗಳ ಜ್ವರದ ಥರ್ಮಾಮೀಟರ್ ಆಗುವುದಿಲ್ಲ ಎಂದಳು, ಪಕ್ಕದ ಮನೆಯ ಅಡುಗೆ ಥರ್ಮಾಮೀಟರ್ ತಂದೆ. 18ರಿಂದ 60.

ಸುಂಟಿಕೊಪ್ಪ_ಮೇಷ್ಟ್ರು · ಜುಲೈ 30, ಬೆಳಿಗ್ಗೆ 9:20

ಸೌದೆ ಕೊಟ್ಟದ್ದು 32 ಯುನಿಟ್. ನೀರಿಗೆ ಸೇರಿದ್ದು 2.9. ಸಿಒಪಿ 0.09.

ಕಾಫಿಕಣ · ಜುಲೈ 30, ಬೆಳಿಗ್ಗೆ 9:41

ಆ ಒಲೆಯ ಮೇಲೆ ಹಗ್ಗ ಕಟ್ಟಿ ಐದು ಜನರ ಬಟ್ಟೆ ಒಣಗಿಸಿದ್ದೇನೆ, ಎರಡು ಕಂಬಳಿ, ಮೊಮ್ಮಗನ ಸ್ಕೂಲ್ ಸಾಕ್ಸ್. ಕಕ್ಕಡದಲ್ಲಿ ಸಾಕ್ಸ್ ಒಣಗಿಸಿದ್ದಕ್ಕೆ ಎಷ್ಟು ಯುನಿಟ್ ಹಿಡಿದಿರಿ? ಅದನ್ನೂ ಸೇರಿಸಿ ಮತ್ತೆ ಭಾಗಿಸಿ ಮೇಷ್ಟ್ರೇ.